ಅರ್ಧ ಗಂಟೆಯ ದಾರಿ

ಗಂಡ ಕೆಲಸಕ್ಕೆ ಹೋದದ್ದೇ ತಡ, ಅವಳು ಮನೆ ಬಿಟ್ಟು ಬಂದಿದ್ದಳು. ವಿಮಾನದ ಬಾಗಿಲು ಮುಚ್ಚಿದ ಮೇಲೂ ಕುತ್ತಿಗೆಯ ಶಾಲನ್ನು ಸಡಿಲಿಸಲಿಲ್ಲ. ಅದರಡಿಯಲ್ಲಿ ಅವನ ಬೆರಳ ಗುರುತುಗಳು ನೀಲಿಗಟ್ಟಿದ್ದವು.

ಆ ಹಿಮದ ನಾಡಿನಲ್ಲಿ ಗಗನಸಖಿ ಕನ್ನಡದವಳೆಂದು ತಿಳಿದಾಗ ಹೋದ ಜೀವ ಬಂದಂತಾಯಿತು.

“ನಾವು ಇಳಿಯೋ ಊರು ಎಷ್ಟು ದೂರಮ್ಮಾ?”

“ಇನ್ನೂರು ಕಿಲೋಮೀಟರ್ ಅಕ್ಕ. ಅರ್ಧ ಗಂಟೆ ಅಷ್ಟೇ.”

“ನಮ್ಮ ಹಿಂದೆ ಯಾರಾದ್ರೂ ಬರಬೇಕು ಅಂದ್ರೆ?”

“ಆಗಲ್ಲ ಅಕ್ಕ. ಹಿಮ ಬಿದ್ದು ರಸ್ತೆ ಮುಚ್ಚಿದೆ. ಇದೇ ಕೊನೇ ವಿಮಾನ, ಇನ್ನು ಮುಂದಿನ ವಾರಾನೇ.”

ವಿಮಾನ ನೆಲ ಬಿಟ್ಟಿತು. ತಡೆದುಕೊಂಡಿದ್ದ ಅಳು ಉಕ್ಕಿ ಬಂತು.

ಹುಡುಗಿ ಅವಳ ಕೈ ಹಿಡಿದುಕೊಂಡಳು. “ಅಳಬೇಡಿ ಅಕ್ಕ. ಬೆಳಗಿನ ವಿಮಾನದಲ್ಲಿ ಹೋಗುವಾಗ ಭಾವ ನಿಮ್ಮ ಫೋಟೋ ತೋರಿಸಿ, ಜೋಪಾನವಾಗಿ ಕರ್ಕೊಂಡು ಬಾ ಅಂದಿದ್ರು. ಅಲ್ಲೇ ಕಾಯ್ತಿರ್ತಾರೆ.”