ಶಾಣ್ಯಾ ಹುಡುಗ

ಬೀದರಿನ ಬಸ್ಸು ಸಂತಪುರ ದಾಟಿದರೂ ಮುಂದಿನ ಸೀಟಿನ ಮೂರು ವರ್ಷದ ಹುಡುಗಿ ಕಿರುಚಿ ಹಾಡುವುದನ್ನು ನಿಲ್ಲಿಸಲಿಲ್ಲ. ಅವಳ ತಾಯಿಯನ್ನು ಕಂಡು ಆಮ್ರಪಾಲಿಗೆ ಹೊಟ್ಟೆ ಉರಿಯುತ್ತಿತ್ತು. ಐದು ತುಂಬಿದರೂ ಒಂದು ಮಾತೂ ಆಡದ ಮಗ ಕಪಿಲನನ್ನು ಅವಳು ಡಾಕ್ಟರಿಗೆ ತೋರಿಸಲು ಹೊರಟಿದ್ದಳು.

"ಆಕಿ ಬಾಯಿ ಮುಚ್ಚಸ್ರಿ. ಬಸ್ಸಿನ್ಯಾಗ ಹ್ಯಾಂಗ ಕೂಡಬೇಕು ಅಂತ ಕಲಿಸಿಲ್ಲೇನ್ರಿ?" ಎಂದು ಆಮ್ರಪಾಲಿ ರೇಗಿದಳು.

ಆ ತಾಯಿ ನಾಚಿ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. "ತಪ್ಪಾಯ್ತರಿ ಅಕ್ಕಾ" ಎಂದವಳು ಕಪಿಲನನ್ನೇ ಆಸೆಯಿಂದ ನೋಡಿದಳು. "ನಿಮ್ಮ ಹುಡುಗ ಎಷ್ಟು ಶಾಣ್ಯಾ ಅದಾನ್ರಿ. ಒಂದು ಸದ್ದಿಲ್ಲ. ಇಂಥಾ ಕೂಸು ನನ್ನ ನಸೀಬದಾಗ ಇಲ್ಲ ನೋಡ್ರಿ."

ಆಮ್ರಪಾಲಿ ಮುಂದಕ್ಕೆ ಬಾಗಿ, ಹುಡುಗಿಯ ಬಾಯಿ ಮುಚ್ಚಿದ್ದ ಆ ಕೈಯನ್ನು ತಾನೇ ಮೆಲ್ಲಗೆ ಸರಿಸಿದಳು.

"ಬಿಡ್ರಿ. ಹಾಡ್ಲಿ."