ಪಟ್ಟೆ ಕಾರಿನ ಕೊನೆಯ ಸುತ್ತು

ಮೂರನೇ ಸಿಗ್ನಲ್ ದಾಟಿದರೂ ಬೈಕು ಹಿಂದೆಯೇ ಇತ್ತು. ಚಾಲಕಿ ಕನ್ನಡಿ ನೋಡಿದಳು. ಬೈಕಿನವನ ಕೊರಳಲ್ಲಿ ಕ್ಯಾಮೆರಾ.

ಅವಳು ಓಡಿಸುತ್ತಿದ್ದದ್ದು ಅಂತಿಂಥ ಕಾರಲ್ಲ. ದೊಡ್ಡ ದೊಡ್ಡ ಸಾಹೇಬರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರುವ ಐಷಾರಾಮಿ ಸೆಡಾನ್. ಅದರ ಹೊಸ ರೂಪ ಮುಂದಿನ ವರ್ಷ ಬರುತ್ತದೆಂದು ಕಂಪನಿ ಡಂಗುರ ಸಾರಿತ್ತು. ಮುಂಗಡ ಕಟ್ಟಿ ಹೆಸರು ಬರೆಸಿದವರು ಸಾಲುಗಟ್ಟಿ ಕಾಯುತ್ತಿದ್ದರು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳಬಾರದೆಂದು ಕಾರಿಗೆ ತಲೆಯಿಂದ ಬಾಲದವರೆಗೆ ಕಪ್ಪು ಬಿಳಿ ಪಟ್ಟೆಯ ಹಾಳೆ ಅಂಟಿಸಿದ್ದರು. ಒಳಗಿನ ಡ್ಯಾಶ್‌ಬೋರ್ಡಿಗೂ ಕಪ್ಪು ಬಟ್ಟೆ. ಆ ಬಟ್ಟೆಯಡಿಯ ಗುಂಡಿಗಳನ್ನು ಮೊದಲ ದಿನವೇ ಅವಳ ಕೈ ತಡಕಾಡದೆ ಹುಡುಕಿಕೊಂಡಿತ್ತು. ಪಳಗಿದ ಕೈ ಅಲ್ಲವೇ ಎಂದು ತನಗೆ ತಾನೇ ಬೆನ್ನು ತಟ್ಟಿಕೊಂಡಿದ್ದಳು.

ಇಂಥ ಗುಟ್ಟಿನ ಕಾರನ್ನು ಊರಾಚೆಯ ಖಾಲಿ ರಸ್ತೆಯಲ್ಲಿ ಓಡಿಸಬಾರದೇ ಎಂದು ಒಮ್ಮೆ ಕೇಳಿದ್ದಳು. "ಜನರ ಮಧ್ಯೆ ಓಡಿದ್ರೇ ಅದು ಪರೀಕ್ಷೆ. ಆಫೀಸು ಬಿಡೋ ಹೊತ್ತಿಗೆ ಪೇಟೆಗೆ ಮೂರು ಸುತ್ತು ಹಾಕು," ಎಂದಿದ್ದ ಮೇಲ್ವಿಚಾರಕ. ಪಟ್ಟೆ ಕಾರಿನ ಫೋಟೋ ವಾರ ವಾರ ಪತ್ರಿಕೆಗಳಲ್ಲಿ ಬರುತ್ತಿತ್ತು. ಅದಕ್ಕೆ ಯಾರೂ ಗದರಿರಲಿಲ್ಲ. ಆದರೆ ಹಾಳೆ ಹರಿಯಿತೋ, ಚಾಲಕರ ಕಥೆ ಮುಗಿದಂತೆಯೇ.

ಅವಳ ಅಣ್ಣನ ಕಥೆ ಹಾಗೇ ಮುಗಿದಿತ್ತು. ಅವಳಿಗಿಂತ ಮೊದಲು ಈ ಕಾರು ಅವನ ಕೈಯಲ್ಲಿತ್ತು. ಒಂದು ದಿನ ಬಾಗಿಲ ಹತ್ತಿರ ಹಾಳೆ ಕಿತ್ತುಬಂತು. ಅದರ ಫೋಟೋ ಎಲ್ಲೂ ಬರಲಿಲ್ಲ. ಆದರೂ ಸಂಜೆಯೊಳಗೆ ಅವನನ್ನು ಗೇಟಿನಾಚೆ ನಿಲ್ಲಿಸಿದರು. ಬಾಯಿಬಿಟ್ಟರೆ ಜೈಲು ಎಂಬ ಕಾಗದಕ್ಕೆ ಸಹಿ ಬೇರೆ. ಆಮೇಲೆ ಯಾವ ಕಂಪನಿಯೂ ಅವನನ್ನು ಹತ್ತಿರ ಸೇರಿಸಲಿಲ್ಲ. ಪಾಪ ಎನ್ನಿಸಿತೋ ಏನೋ, ಆ ಜಾಗಕ್ಕೆ ತಂಗಿಯನ್ನೇ ಕರೆದರು. ಅಣ್ಣ ಈಗ ದಿನವಿಡೀ ಕಿಟಕಿ ಪಕ್ಕ ಕೂತು ರಸ್ತೆ ನೋಡುತ್ತಾನೆ. "ನಿಜ ಹೇಳಿ ಕೆಟ್ಟೆ ಕಣೇ. ಹೆಚ್ಚು ಕೇಳ್ಬೇಡ," ಎನ್ನುತ್ತಾನೆ. ಅವನ, ಅಮ್ಮನ, ತನ್ನ ಮಗಳ ಅನ್ನವೆಲ್ಲ ಈಗ ಅವಳ ಸ್ಟೀರಿಂಗ್ ಮೇಲೆಯೇ ನಿಂತಿತ್ತು. ಇವತ್ತಿನದು ಕೊನೆಯ ಸುತ್ತು. ಸುಸೂತ್ರವಾಗಿ ಮುಗಿದರೆ ನಾಳೆ ಕೆಲಸ ಕಾಯಂ.

ಮುಂದಿನ ಬಸ್ಸು ಗಕ್ಕನೆ ನಿಂತಿತು. ಅವಳು ಬ್ರೇಕ್ ತುಳಿದಳು. ಬೈಕು ಎಡಕ್ಕೆ ನುಸುಳಿತು. ಪರ್ರೆಂದು ಸದ್ದು. ಹ್ಯಾಂಡಲ್ಲಿನ ತುದಿ ಸಿಕ್ಕಿ, ಹಾಳೆ ದೀಪದಿಂದ ಬಾಗಿಲವರೆಗೆ ಸೀಳಿ ಜೋತುಬಿತ್ತು.

ಎದುರಿಗೆ ಕಂಡ ನೆಲಮಾಳಿಗೆಯ ಪಾರ್ಕಿಂಗಿಗೆ ಕಾರು ಇಳಿಸಿದಳು. ಮೂಲೆಯ ಕಂಬದ ಹಿಂದೆ ನಿಲ್ಲಿಸಿ ವೈರ್‌ಲೆಸ್ಸಿನಲ್ಲಿ ಕೂಗಿದಳು. "ಹತ್ತು ನಿಮಿಷ. ಏನಾದ್ರೂ ಹೊದಿಸಿ ನಿಲ್ಲು," ಎಂದ ಮೇಲ್ವಿಚಾರಕ. ಡಿಕ್ಕಿಯಲ್ಲಿದ್ದ ಹೊದಿಕೆ ತೆಗೆಯುವುದರೊಳಗೆ ಬೈಕಿನ ಸದ್ದು ಇಳಿಜಾರಿನಲ್ಲಿ ಕೇಳಿಸಿತು. ಸ್ವೆಟರ್ ಬಿಚ್ಚಿ ಬೆನ್ನ ಹಿಂದೆ ಹರಡಿ ಹಿಡಿದು, ಕಾರಿಗೆ ಒರಗಿ ನಿಂತಳು.

"ಅಕ್ಕಾ, ಸ್ವಲ್ಪ ಪಕ್ಕಕ್ಕೆ ಬನ್ನಿ. ಒಂದೇ ಫೋಟೋ."

"ಬೇಡಪ್ಪ, ಕೈ ಮುಗೀತೀನಿ. ಈ ಕಾರಿಂದ ನಮ್ಮಣ್ಣ ಆಗ್ಲೇ ಬೀದಿಗೆ ಬಿದ್ದಿದ್ದಾನೆ. ನನ್ನನ್ನೂ ಬೀಳಿಸ್ಬೇಡ."

"ಮೂರು ತಿಂಗಳಿಂದ ಇದರ ಹಿಂದೆ ಅಲೀತಿದ್ದೀನಿ. ನನಗೂ ಹೊಟ್ಟೆ ಇದೆಯಲ್ಲಕ್ಕ."

ಒಂದು ಸ್ವೆಟರ್ ಎಷ್ಟಂತ ಮುಚ್ಚೀತು? ಅವನು ಬಾಗಿಲ ಬಳಿ ಮಂಡಿಯೂರಿ, ಜೋತ ಹಾಳೆ ಎತ್ತಿ ಹಿಡಿದ. ಕ್ಯಾಮೆರಾ ಕಣ್ಣಿಗೇರಿತು. ಅವಳು ಕಣ್ಣು ಮುಚ್ಚಿಕೊಂಡಳು. ಮಗಳ ಮುಖ ಕಣ್ಣಮುಂದೆ ಬಂತು.

ಕ್ಲಿಕ್ ಸದ್ದು ಬರಲಿಲ್ಲ. ಕಣ್ಣು ತೆರೆದರೆ ಅವನು ಕ್ಯಾಮೆರಾಕ್ಕೆ ಮುಚ್ಚಳ ಹಾಕುತ್ತಿದ್ದ. ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದ.

"ಹೋಗ್ಲಿ ಬಿಡಿ. ಇದರ ಫೋಟೋ ಯಾರಿಗೂ ಬೇಡ," ಎಂದು ಬೈಕು ಹತ್ತಿ ಹೊರಟೇಹೋದ.

ಪುಣ್ಯಾತ್ಮ, ನೂರು ವರ್ಷ ಬಾಳಲಿ ಎಂದುಕೊಂಡಳು. ಹೋದ ಜೀವ ಬಂದಂತಾಯಿತು. ಡಿಕ್ಕಿಯಿಂದ ಟೇಪು ತಂದು, ಹಾಳೆ ಸರಿಮಾಡಲು ಬಗ್ಗಿದಳು. ಅವಳ ಕೈ ಅಲ್ಲೇ ನಿಂತಿತು. ಇಳಿಜಾರಿನಲ್ಲಿ ಬೂಟಿನ ಸದ್ದು ಕೇಳಿದ ಮೇಲೆಯೇ ಮತ್ತೆ ಆಡಿದ್ದು. ಉಗುರಿನಿಂದ ಉಜ್ಜಿ ಉಜ್ಜಿ ಟೇಪು ಅಂಟಿಸಿದಳು.

ಮೇಲ್ವಿಚಾರಕ ಬಂದ. ಬೈಕಿನವನು ಯಾರು, ಫೋಟೋ ತೆಗೆದನೇ, ಒಂದನ್ನೂ ಕೇಳಲಿಲ್ಲ. ಕುಕ್ಕರುಗಾಲಲ್ಲಿ ಕೂತು ಟೇಪಿನ ಮೇಲೆ ಬೆರಳಾಡಿಸಿದ. ಆಮೇಲೆ ಅವಳ ಮುಖ ನೋಡಿದ.

"ನೀನು ನೋಡಿದ್ಯಾ?"

ಅಣ್ಣನಿಗೂ ಇದೇ ಪ್ರಶ್ನೆ ಬಂದಿರಬೇಕು, ಅವನು ಹೂಂ ಎಂದಿರಬೇಕು ಎಂಬುದು ಅವಳಿಗೆ ಆಗ ಹೊಳೆಯಿತು.

"ಇಲ್ಲ ಸಾರ್. ಕಣ್ಣು ಮುಚ್ಕೊಂಡೇ ಅಂಟಿಸ್ದೆ."

ಪಟ್ಟೆಯ ಹಾಳೆಯಡಿ ಇದ್ದದ್ದು ಎಂಟು ವರ್ಷದಿಂದ ರಸ್ತೆ ತುಂಬ ಓಡಾಡುತ್ತಿರುವ ಅದೇ ಹಳೆಯ ಮಾದರಿ. ಎಲ್ಲರೂ ಕಾಯುತ್ತಿದ್ದ ಹೊಸ ಕಾರು ಎಲ್ಲೂ ಇರಲೇ ಇಲ್ಲ.