ವರವು ಕಾವಲ್ ಮೇಲೆ ನಿಂತ ಎಂಜಿನ್

"ಸರಿ, ಈಗ ಇಳಿಸು ನೋಡಾಣ!" ಎಂದು ದೊಡ್ಡೀರಪ್ಪ ಹಿಂದಿನ ಸೀಟಿಗೆ ಕೇಳುವಂತೆ ಅರಚಿದ್ದೇ ತಡ, ವಿಮಾನದ ಎಂಜಿನ್ ಒಮ್ಮೆ ಕೆಮ್ಮಿ ನಿಂತೇಹೋಯಿತು.

ಮೂಗಿನ ಮುಂದೆ ಗಿರಗಿರ ತಿರುಗುತ್ತಿದ್ದ ಪಂಖ ಅಡ್ಡಡ್ಡ ನಿಂತಿತ್ತು. ಕೆಳಗೆ ವರವು ಕಾವಲ್ ಎಂಬ ಮೇವಿನ ಬಯಲು. ಹುಲ್ಲು, ಬಂಡೆ, ಮುಳ್ಳುಬೇಲಿಯ ರೊಪ್ಪ, ಎಲ್ಲೆಂದರಲ್ಲಿ ದನ. ದೊಡ್ಡೀರಪ್ಪ ತನ್ನ ಪಕ್ಕದ ಎಂಜಿನ್ ಸ್ವಿಚ್ಚು ನೋಡಿದ, ಸರಿಯಾಗಿತ್ತು. ಪೆಟ್ರೋಲ್ ನೋಡಿದ, ಬೇಕಾದಷ್ಟಿತ್ತು. ಇನ್ನೇನು ನೋಡುವುದು, ಹಣೆಬರಹವನ್ನೇ?

ಟಪಾಲು ವಿಮಾನಗಳು ಹೊಸದಾಗಿ ಹಾರತೊಡಗಿದ್ದ ಕಾಲ ಅದು. ಚಳ್ಳಕೆರೆಯ ದೊಡ್ಡೀರಪ್ಪ ಬೊಂಬಾಯಿಯ ಕಂಪನಿಯೊಂದರಲ್ಲಿ ಪೈಲಟ್. ಆ ವರ್ಷ ಆಗಲೇ ಎರಡು ವಿಮಾನ ಮುರಿದು ಕೂತಿದ್ದ. ಮೂರನೆಯದಕ್ಕೆ ಒಂದು ಗೀರು ಬಿದ್ದರೂ ಮನೆಯ ದಾರಿ ಹಿಡಿ ಎಂದಿದ್ದರು ಕಂಪನಿಯ ದೊರೆಗಳು. ಸಾಲದ್ದಕ್ಕೆ, ಕೆಲಸ ಕೇಳಿ ಬಂದು ಈಗ ಹಿಂದಿನ ಸೀಟಿನಲ್ಲಿ ಕೂತಿದ್ದ ಈ ಬೋರಣ್ಣನನ್ನು ಹಾರಿಸಿ ನೋಡುವ ಪೀಡೆಯನ್ನೂ ಅವನ ಕೊರಳಿಗೇ ಕಟ್ಟಿದ್ದರು.

ಬೋರಣ್ಣ ಕೊಂಡ್ಲಹಳ್ಳಿಯವನು. ಅವನಿಗೆ ಗೊತ್ತಿದ್ದದ್ದು ಗ್ಲೈಡರ್ ಒಂದೇ, ಅಂದರೆ ಎಂಜಿನ್ನೇ ಇಲ್ಲದ ವಿಮಾನ. ಕಾವಲಿನಲ್ಲಿ ಬಿಡಾರ ಹೂಡಿದ್ದ ಬಿಳಿಯ ದೊರೆಯೊಬ್ಬ ಅದಕ್ಕೆ ಹಗ್ಗ ಬಿಗಿದು, ಜೋಡಿ ಹೋರಿಗಳನ್ನು ಓಡಿಸಿ ಎಳೆಸಿ, ಇವನನ್ನು ಮೇಲಕ್ಕೇರಿಸಿ ಕಲಿಸಿದ್ದ. ಎಂಜಿನ್ನಿನ ವಿಮಾನ ಹತ್ತಿದ್ದು ಇವತ್ತೇ ಮೊದಲು.

"ಗಾಳಿಪಟ ಹಾರಿಸ್ದೋರ್ನೆಲ್ಲ ಪೈಲಟ್ ಮಾಡಾಕಾಗ್ತೈತೇನಲೇ?" ಎಂದು ಬೆಳಿಗ್ಗೆ ದೊಡ್ಡೀರಪ್ಪ ನಕ್ಕಿದ್ದ.

"ಒಂದ್ಸಲ ನೋಡ್ರಿ ಸಾಮಿ. ಇದ್ ಬಿಟ್ರೆ ನಂಗೆ ಬ್ಯಾರೆ ದಾರಿ ಇಲ್ರಿ," ಎಂದಿದ್ದ ಬೋರಣ್ಣ.

ಕಲಿಸಲೆಂದೇ ಮಾಡಿದ ವಿಮಾನ ಅದು. ಎರಡು ಸೀಟು, ಎರಡಕ್ಕೂ ವಿಮಾನ ನಡೆಸುವ ಬೇರೆ ಬೇರೆ ಕೋಲು, ಬೇರೆ ಬೇರೆ ಎಂಜಿನ್ ಸ್ವಿಚ್ಚು. ದೊಡ್ಡೀರಪ್ಪ ಇದೇ ಕಾವಲಿನ ಬಯಲಿನಿಂದ ತಾನೇ ಮೇಲೇರಿಸಿ, ಮೊಳಕಾಲ್ಮೂರಿನ ಕಡೆಗೆ ಹೋಗಿ ತಿರುಗುವಷ್ಟು ಹೊತ್ತು ಕೋಲನ್ನು ಬೋರಣ್ಣನಿಗೆ ಬಿಟ್ಟಿದ್ದ. ನಡುವೆ ತಿರುಗಿ ನೋಡಿದರೆ, ಆಸಾಮಿ ಟೋಪಿಯ ಕಿವಿಪಟ್ಟಿಯನ್ನು ಮೇಲಕ್ಕೆತ್ತಿಕೊಂಡು ತಲೆಯನ್ನು ಹೊರಗೆ ಚಾಚಿದ್ದ. ಎಂಥ ಹಳ್ಳಿಗುಗ್ಗು! ಇಳಿಸಲು ಹೇಳಿದರೆ ಒದ್ದಾಡುತ್ತಾನೆ, ಇವನು ಬೇಡ ಎಂದು ಕಂಪನಿಗೆ ಹೇಳಿ ಕೈತೊಳೆದುಕೊಂಡರಾಯಿತು ಎಂದುಕೊಂಡಿದ್ದ ದೊಡ್ಡೀರಪ್ಪ.

ಈಗ ನೋಡಿದರೆ ತನ್ನ ಜೀವಕ್ಕೇ ಸಂಚಕಾರ. ಎಂಜಿನ್ ಇದ್ದರೆ, ತಪ್ಪಿದರೂ ಮತ್ತೆ ಮೇಲೇರಿ ಇನ್ನೊಮ್ಮೆ ಬರಬಹುದು. ಇಲ್ಲದಿದ್ದರೆ ಇರುವುದು ಒಂದೇ ಸಲ. ಬಂಡೆಗಳನ್ನು ದಾಟಿಬಿಡಬೇಕೆಂದು ತನ್ನ ಕೋಲನ್ನು ಎರಡೂ ಕೈಯಲ್ಲಿ ಎದೆಗೆ ಎಳೆದುಕೊಂಡ. ವಿಮಾನ ಗಡಗಡ ನಡುಗಿ ಮೂತಿ ಮುಗ್ಗರಿಸಿತು. ಅಯ್ಯೋ, ಮನೆಯಲ್ಲಿ ಹೆಂಡತಿ ರಂಗಕ್ಕ ಬಸುರಿ! ಮಗುವಿನ ಮುಖವನ್ನಾದರೂ ನೋಡಬಾರದೆ ತಾನು?

"ಕೋಲು ಬಿಡ್ರಿ ಸಾಮಿ! ಎಳೀಬ್ಯಾಡ್ರಿ, ಬಿದ್ದೋಗ್ತೈತೆ!"

"ನಿಂಗೇನ್ ಗೊತ್ತಲೇ? ಎಂಜಿನ್ ಸತ್ತೈತೆ!"

"ಗೊತ್ತೈತ್ರಿ. ಬಿಡ್ರಿ."

ದೊಡ್ಡೀರಪ್ಪ ಬಿಟ್ಟ. ಬಿಡದೆ ಏನು ಮಾಡಿಯಾನು? ಕಣ್ಣು ಮುಚ್ಚಿ, ಅವ್ವನನ್ನೂ ಮನೆದೇವರನ್ನೂ ಒಟ್ಟಿಗೇ ಕರೆದ. ವಿಮಾನದ ಮೂತಿ ತುಸು ಕೆಳಗಾಯಿತು. ರೆಕ್ಕೆಯ ತಂತಿಗಳಲ್ಲಿ ಗಾಳಿ ಸಣ್ಣಗೆ ಸಿಳ್ಳೆ ಹೊಡೆಯಿತು, ಜೋರಾಯಿತು, ಮತ್ತೆ ಸಣ್ಣಗಾಯಿತು. ರೊಪ್ಪವನ್ನು ಬಳಸಿ, ಬಂಡೆಗಳನ್ನು ಬದಿಗೆ ಬಿಟ್ಟು, ದನಗಳ ನಡುವೆ ಸಿಕ್ಕ ಬಯಲಿನಲ್ಲಿ ವಿಮಾನ ಹಗುರವಾಗಿ ಕೂತಿತು. ಮೇಯುತ್ತಿದ್ದ ಹಸುವೊಂದು ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ದೊಡ್ಡೀರಪ್ಪ ಇಳಿದು ವಿಮಾನದ ಸುತ್ತ ತಡಕಾಡಿದ. ಒಂದು ಗೀರಿಲ್ಲ! ಬೋರಣ್ಣನನ್ನು ಬಾಚಿ ತಬ್ಬಿಕೊಂಡು ಮಗುವಿನಂತೆ ಅತ್ತ. ದನ ಕಾಯುವ ಹಿರಿಯರು ಓಡಿಬಂದು ಸುತ್ತ ನೆರೆದರು. ಅವರೆಲ್ಲರ ಮುಂದೆ ದೊಡ್ಡೀರಪ್ಪ ಕಾವಲಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದ.

"ಜುಂಜಪ್ಪನಾಣೆ, ಬೋರಣ್ಣ, ಕೆಲ್ಸ ನಿಂದೇ! ಗ್ಲೈಡರ್ ಗೊತ್ತಿಲ್ದೋನ್ನ ಇನ್ಮ್ಯಾಲೆ ಕಂಪನಿಗೆ ಸೇರಿಸ್ಬ್ಯಾಡ್ರಿ ಅಂತ ದೊರೆಗಳಿಗೆ ನಾನೇ ಹೇಳ್ತೀನಿ!"

ಹಿರಿಯರು ತಲೆದೂಗಿದರು. ಆ ಸೀಮೆಯಲ್ಲಿ ದನಕಾಯುವವರ ದೇವರಾದ ಜುಂಜಪ್ಪನ ಹೆಸರಿನಲ್ಲಿ ಆಡಿದ ಮಾತನ್ನು ಯಾವ ಗಂಡಸೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬೋರಣ್ಣ ಮಾತ್ರ ತಲೆ ಎತ್ತಲಿಲ್ಲ. ಪಾಪ, ಸಂಕೋಚದ ಪ್ರಾಣಿ ಎಂದುಕೊಂಡ ದೊಡ್ಡೀರಪ್ಪ.

ಕಣ್ಣೊರೆಸಿಕೊಂಡು ಎಂಜಿನ್ನಿನ ಮುಚ್ಚಳ ತೆಗೆದ. ಒಂದೊಂದನ್ನೂ ಮುಟ್ಟಿ ನೋಡಿದ. ಎಲ್ಲ ನೆಟ್ಟಗಿತ್ತು.

"ಈ ಹಾಳಾದ್ದಕ್ಕೆ ಏನು ಬಂತೋ! ಯಾಕೆ ನಿಂತ್ಕಂತು?"

ಬೋರಣ್ಣ ಕತ್ತು ಕೆರೆದುಕೊಂಡ. "ಅದು ನಿಂತಿಲ್ರಿ ಸಾಮಿ, ನಾನೇ ಆರಿಸ್ದೆ. ನೀವು ಇಳಿಸು ಅಂದ್ರಿ. ಗಾಳಿ ಸದ್ದು ಕೇಳ್ದಿದ್ರೆ ನಂಗೆ ಇಳಿಸಾಕೇ ಬರಲ್ರಿ."